ಕನ್ನಡಿಗ ಮೇಯರ್ ನೀರಜ್ ಪಾಟೀಲ: ಲ್ಯಾಂಬೆತ್‌ನಿಂದ ಗದಗ-ಬೆಟಗೇರಿವರೆಗೆ

1. ನೀರಜ್ ಪಾಟೀಲ: ಕಲಬುರಗಿ ಮೂಲ, ವೃತ್ತಿಯಿಂದ ವೈದ್ಯ. ಪಕ್ಷ: ಲೇಬರ್.
2. 2006: ಲಂಡನ್ನಿನ ಲ್ಯಾಂಬೆತ್ ಬರೋ ಕೌನ್ಸಿಲರ್.
3. 2010-11: ಲ್ಯಾಂಬೆತ್ ಮೇಯರ್. ಕೌನ್ಸಿಲರ್‌ಗಳೇ ಒಂದು ವರ್ಷಕ್ಕೆ ಆರಿಸುವ, ಕೊರಳಲ್ಲಿ ಅಧಿಕಾರದ ಸರ ಹಾಕಿಕೊಂಡು ಸಭೆ ನಡೆಸುವ ಗೌರವದ ಹುದ್ದೆ. ಆಡಳಿತದ ಹಿಡಿತ ಕೌನ್ಸಿಲ್ ನಾಯಕನ ಕೈಯಲ್ಲಿ.
4. 14 ನವೆಂಬರ್ 2015: ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವೇಶ್ವರ ಪ್ರತಿಮೆ ಅನಾವರಣ. ಸ್ಥಾಪನೆಗೆ ಶ್ರಮಿಸಿದವರು ಪಾಟೀಲ, ಅನಾವರಣ ಮಾಡಿದವರು ಪ್ರಧಾನಿ ನರೇಂದ್ರ ಮೋದಿ. ಪರೀಕ್ಷೆಯಲ್ಲಿ ಪ್ರಶ್ನೆ ಬರುವುದು ಹೆಚ್ಚಾಗಿ ಇಲ್ಲಿಂದಲೇ.
5. 2017: ಪಟ್ನಿ ಕ್ಷೇತ್ರದಿಂದ ಸಂಸತ್ತಿಗೆ ಸ್ಪರ್ಧೆ, ಜಸ್ಟಿನ್ ಗ್ರೀನಿಂಗ್ ಎದುರು ಸೋಲು. ಸಂಸದರಾಗಿದ್ದರು ಎಂದು ಬರೆದರೆ ತಪ್ಪು.

ಗೊಂದಲ ಬೇಡ
• ಲ್ಯಾಂಬೆತ್ ಮೇಯರ್ ಬೇರೆ, ಲಂಡನ್ ಮೇಯರ್ ಬೇರೆ. ಲಂಡನ್ ಮೇಯರ್‌ಗೆ 2000ರಿಂದ ನೇರ ಚುನಾವಣೆ, ಅವಧಿ 4 ವರ್ಷ. 2010ರಲ್ಲಿ ಆ ಸ್ಥಾನದಲ್ಲಿದ್ದವರು ಬೋರಿಸ್ ಜಾನ್ಸನ್.
• ಗದಗ-ಬೆಟಗೇರಿ ಮೇಯರ್ ಯಾರು? ಪ್ರಶ್ನೆಯೇ ತಪ್ಪು! ಅದು ನಗರಸಭೆ, ಮುಖ್ಯಸ್ಥರು ಅಧ್ಯಕ್ಷರು. ಅದೇ ಜಿಲ್ಲೆಯ ಮುಂಡರಗಿ, ಲಕ್ಷ್ಮೇಶ್ವರ ಪುರಸಭೆ; ಶಿರಹಟ್ಟಿ ಪಟ್ಟಣ ಪಂಚಾಯಿತಿ. ಮೇಯರ್ ಇರುವುದು ಹುಬ್ಬಳ್ಳಿ-ಧಾರವಾಡದಂಥ ಮಹಾನಗರ ಪಾಲಿಕೆಗಳಿಗೆ.
• ಕರ್ನಾಟಕದ ಕಾಯ್ದೆ: ನಗರಸಭೆ, ಪುರಸಭೆಗಳಿಗೆ 1964, ಪಾಲಿಕೆಗಳಿಗೆ 1976. ಎರಡನ್ನೂ ಅದಲುಬದಲು ಮಾಡುವವರೇ ಹೆಚ್ಚು.
• ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳದ್ದು: 1992, ಜಾರಿ 1 ಜೂನ್ 1993, 12ನೇ ಅನುಸೂಚಿ, 18 ವಿಷಯ. 73ನೇ ತಿದ್ದುಪಡಿ ಪಂಚಾಯಿತಿಗಳದ್ದು, 11ನೇ ಅನುಸೂಚಿ, 29 ವಿಷಯ.