ಪಾಠ ಒಂದೇ, ಉತ್ತರ ಅವರವರದು

ಅಕ್ಕ ಪುಸ್ತಕ ಹಿಡಿದರೆ ಊಟದ ಹೊತ್ತನ್ನೂ ಮರೆಯುತ್ತಾಳೆ. ತಮ್ಮನಿಗೆ ಹತ್ತು ನಿಮಿಷ ಕೂರುವುದೇ ಕಷ್ಟ. ಬಿಚ್ಚಿ ನೋಡಬೇಕು, ಓಡಬೇಕು, ಬಾಯ್ತುಂಬ ಮಾತಾಡಬೇಕು. ಇಂಥ ಇಬ್ಬರನ್ನು ಮನೆಯಲ್ಲೇ ಓದಿಸಲು ಹೊರಟವರು ಸಾಮಾನ್ಯವಾಗಿ ಎರಡು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾರೆ. ಸ್ವಲ್ಪ ದಿನದಲ್ಲೇ ದೊಡ್ಡವರು ಬಸವಳಿಯುತ್ತಾರೆ, ಮಕ್ಕಳು ಮುನಿಸಿಕೊಳ್ಳುತ್ತಾರೆ. ಒಂದೇ ಸೂರಿನಡಿ ಎರಡು ಶಾಲೆ ಬೇಕಿಲ್ಲ. ಪಾಠ ಒಂದೇ ಇರಲಿ. ಅದಕ್ಕೆ ಮಕ್ಕಳು ಕೊಡುವ ಉತ್ತರ ಬೇರೆಯಾಗಲಿ.

ಮೊದಲು ಸುಮ್ಮನೆ ನೋಡಿ

ಶಾಲೆ ಬಿಡಿಸಿದ ಮರುದಿನವೇ ಪಾಠ ಶುರುಮಾಡಬೇಡಿ. ಕೆಲವು ವಾರ ಮಕ್ಕಳು ತಮ್ಮಷ್ಟಕ್ಕೆ ಏನು ಮಾಡುತ್ತಾರೆ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವಾಗ ತಾನಾಗಿ ಪ್ರಶ್ನೆ ಕೇಳಿದ, ಯಾವುದರಲ್ಲಿ ಬೇಸರವಿಲ್ಲದೆ ಮುಳುಗಿದಳು, ಇಷ್ಟು ಸಾಕು.

ಆದರೆ ‘ಇವಳು ನೋಡಿ ಕಲಿಯುವವಳು, ಇವನು ಕೇಳಿ ಕಲಿಯುವವನು’ ಎಂದು ಹಣೆಪಟ್ಟಿ ಹಚ್ಚಬೇಡಿ. ಮಗುವಿನ ‘ಶೈಲಿ’ಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ ಹೇಳಿದ್ದಾರೆ. ಮಕ್ಕಳ ಒಲವುಗಳು ಮಾತ್ರ ನಿಜ. ಒಲವು ಕಲಿಕೆಯ ಬಾಗಿಲು ತೆರೆಯಲಿ, ಬೇಲಿಯಾಗದಿರಲಿ. ಓಡುವ ಹುಡುಗನಿಗೂ ಓದು ಬೇಕು, ಓದುವ ಹುಡುಗಿಯ ಕೈಗೂ ಮಣ್ಣು ಹತ್ತಬೇಕು.

ಬೇರೆಯಾಗಿ ಎರಡೇ

ಓದು-ಬರಹ ಮತ್ತು ಗಣಿತ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾದವು. ಅವನ್ನು ಮಾತ್ರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸಿ. ಚಿಕ್ಕವನಿಗೆ 15-20 ನಿಮಿಷ ಸಾಕು, ದೊಡ್ಡವಳಿಗೆ ತುಸು ಹೆಚ್ಚು. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಚಿತ್ರ ಬಿಡಿಸಲಿ, ಬಟಾಣಿ ಸುಲಿಯಲಿ, ಆಡಲಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ರಾಜ್ಯ ಪಠ್ಯಪುಸ್ತಕಗಳೂ ಪಿಡಿಎಫ್ ರೂಪದಲ್ಲಿವೆ.

ಉಳಿದದ್ದೆಲ್ಲ ಒಟ್ಟಿಗೆ: ಮಳೆಯ ಉದಾಹರಣೆ

ವಿಜ್ಞಾನ, ಸಮಾಜ, ಕಥೆ, ಪರಿಸರ ಇವಕ್ಕೆಲ್ಲ ಒಂದೇ ವಿಷಯ ಹಿಡಿದು ವಾರಗಟ್ಟಲೆ ನಿಲ್ಲಿ. ಮುಂಗಾರು ಬಂದಿದ್ದರೆ ಮಳೆಯನ್ನೇ ಹಿಡಿಯಿರಿ. ನೇರ ಬದಿಯ ಎರಡು ಲೀಟರ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ಹಾಕಿ, ನೇರ ಭಾಗದವರೆಗೆ ನೀರು ತುಂಬಿ, ಆ ಮಟ್ಟವನ್ನು ಸೊನ್ನೆ ಎಂದು ಗುರುತಿಸಿ. ಹೊರಬದಿಗೆ ಸ್ಕೇಲು ಅಂಟಿಸಿ. ಮರ, ಸೂರಿನಿಂದ ದೂರ ಬಯಲಲ್ಲಿಡಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಅಳೆಯುತ್ತದೆ. ನೀವೂ ಅದೇ ಹೊತ್ತಿಗೆ ಅಳೆಯಿರಿ, ಅಳೆದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತನ್ನಿ.

ಇಲ್ಲಿಂದ ಇಬ್ಬರ ದಾರಿ ಕವಲೊಡೆಯಲಿ. ತಮ್ಮ ಓಡಿಹೋಗಿ ಅಳತೆ ನೋಡಿ ಬರುತ್ತಾನೆ, ಅಕ್ಕ ನಕ್ಷೆ ಬರೆಯುತ್ತಾಳೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ಹಾಗಾದರೆ 60 ಚದರ ಮೀಟರ್ ತಾರಸಿಯ ಮೇಲೆ 12 ಮಿ.ಮೀ. ಸುರಿದರೆ? 720 ಲೀಟರ್. ಗುಣಾಕಾರ ಬಾರದ ತಮ್ಮ ಅಷ್ಟು ನೀರಿಗೆ ಎಷ್ಟು ಕೊಡ ಬೇಕೆಂದು ಅಳೆದು, ಸುರಿದು ತಿಳಿಯಲಿ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂಬ ಮಳೆ ನಕ್ಷತ್ರಗಳು ಹದಿಮೂರು-ಹದಿನಾಲ್ಕು ದಿನಕ್ಕೊಂದರಂತೆ ಬದಲಾಗುತ್ತವೆ. ಯಾವ ಮಳೆಗೆ ಯಾವ ಬಿತ್ತನೆ ಎಂದು ಅಜ್ಜಿಯನ್ನೋ ಪಕ್ಕದ ರೈತರನ್ನೋ ಕೇಳಿ ಬರುವ ಕೆಲಸ ಮಾತುಗಾರನದು. ಬರೆದಿಡುವುದು ಅಕ್ಕನದು, ಮುಂದಿನ ವಾರ ಅದಲುಬದಲು. ಈ ಅದಲುಬದಲು ಬಿಡಬೇಡಿ. ಇಲ್ಲವಾದರೆ ಒಲವೇ ಹಣೆಪಟ್ಟಿಯಾಗುತ್ತದೆ.

ಕೊನೆಯಲ್ಲಿ ಪರೀಕ್ಷೆ ಬೇಡ. ಗೊತ್ತಾದದ್ದನ್ನು ಒಬ್ಬಳು ಬರೆದು ತೋರಿಸಲಿ, ಒಬ್ಬ ಅಪ್ಪನಿಗೆ ಹೇಳಿ ತೋರಿಸಲಿ. ಇಬ್ಬರ ಕೆಲಸವನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ಮಾತು ಮಾತ್ರ ಖಂಡಿತ ಬೇಡ, ಹೊಗಳಿಕೆಯ ರೂಪದಲ್ಲಿಯೂ ಬೇಡ. ಅಕ್ಕನನ್ನೇ ಕಾಯಂ ಟೀಚರ್ ಮಾಡಿಬಿಡುವುದೂ ಅನ್ಯಾಯ. ಅವಳ ಬಾಲ್ಯ ಅವಳದೇ.

ದಿನಕ್ಕೆ ಗಂಟೆಗಳ ಪಟ್ಟಿ ಬೇಕಿಲ್ಲ, ಎರಡು ಗೂಟಗಳಿದ್ದರೆ ಸಾಕು. ತಿಂಡಿಯ ನಂತರ ಓದು-ಲೆಕ್ಕ, ಮಧ್ಯಾಹ್ನ ಊಟವಾದ ಮೇಲೆ ಯಾರಾದರೂ ಗಟ್ಟಿಯಾಗಿ ಓದುವ ಒಂದು ಕಥೆ.

ಕಾನೂನು, ಸರ್ಟಿಫಿಕೇಟು

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಸೇರಿಸದ ಪೋಷಕರಿಗೆ ಶಿಕ್ಷೆಯನ್ನೇನೂ ವಿಧಿಸಿಲ್ಲ. ಮನೆಶಾಲೆಗೆಂದೇ ಪ್ರತ್ಯೇಕ ಕಾಯ್ದೆಯೂ ಇಲ್ಲ. ಆದ್ದರಿಂದ ಜನನ ಪ್ರಮಾಣಪತ್ರ, ಹಳೆ ಶಾಲೆಯ ವರ್ಗಾವಣೆ ಪತ್ರ, ಮಕ್ಕಳ ನೋಟ್‌ಬುಕ್ಕುಗಳನ್ನು ಜೋಪಾನವಾಗಿಡಿ. 14 ವರ್ಷ ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಮುಗಿಸಬಹುದು. ಅಲ್ಲಿ ಕನ್ನಡವನ್ನು ಭಾಷಾ ವಿಷಯವಾಗಿ ಆಯ್ದುಕೊಳ್ಳಲು ಅವಕಾಶವಿದೆ. ತೇರ್ಗಡೆಯಾಗಬೇಕಾದದ್ದು ಐದು ವಿಷಯಗಳಲ್ಲಿ. ನೋಂದಣಿಗೆ ಐದು ವರ್ಷದ ಅವಧಿ, ಒಂಬತ್ತು ಸಲ ಪರೀಕ್ಷೆಗೆ ಕೂರುವ ಅವಕಾಶ. ಅಕ್ಕ ಐದನ್ನೂ ಒಟ್ಟಿಗೆ ಬರೆದು ಮುಗಿಸಬಹುದು, ತಮ್ಮ ಒಂದೊಂದಾಗಿ ಬರೆಯಬಹುದು. ಕೈಗೆ ಬರುವ ಸರ್ಟಿಫಿಕೇಟು ಇಬ್ಬರಿಗೂ ಒಂದೇ.