ಕುದಿ ಬಂದ ಮೇಲೆ ಉರಿ ತಗ್ಗಿಸು ಮಗಾ

ಮಗಾ, ನಿನ್ನೆ ನಿಮ್ಮಲ್ಲಿಗೆ ಬಂದಾಗ ನೋಡಿದೆ. ಕುಚ್ಚಲಕ್ಕಿ ಇಟ್ಟ ಕುಕ್ಕರು ಬಿಡದೆ ಎಂಟು ವಿಶಲ್ ಹಾಕಿತು, ಉರಿ ಹಚ್ಚಿದಾಗಿನಷ್ಟೇ ಜೋರು. ನೀನೋ ಗಡಿಯಾರ ನೋಡಿ ಚಡಪಡಿಸುತ್ತಿದ್ದೆ. ಗೋರೆಗಾಂವ್‌ನಿಂದ ಚರ್ಚ್‌ಗೇಟಿನ ಲೋಕಲ್ ಹಿಡಿಯುವವರ ಬೆಳಗು ನನಗೆ ಗೊತ್ತು. ಮೋತಿಲಾಲ್ ನಗರದ ಚಿಕ್ಕ ಮನೆಯಲ್ಲಿ ದಿನಾ ಐದು ಡಬ್ಬ ತುಂಬಿಸಿದವಳು ನಾನು.

ಆಗ ನಮ್ಮದು ಬತ್ತಿ ಸ್ಟೋವ್, ರೇಶನ್ನಿನ ಸೀಮೆಎಣ್ಣೆ. ಆಮೇಲೆ 14.2 ಕಿಲೋದ ಸಿಲಿಂಡರ್ ಬಂತು; ಎಷ್ಟು ಉಳಿದಿದೆ ಎಂದು ಅಲ್ಲಾಡಿಸಿ ನೋಡುತ್ತಿದ್ದೆವು. ನಿಮ್ಮದು ಪೈಪಿನ ಗ್ಯಾಸು. ಮುಗಿಯುವ ಭಯವೇ ಇಲ್ಲ, ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಉರಿಯ ಮೇಲೆ ಕಣ್ಣು ಹೋಗುವುದಾದರೂ ಹೇಗೆ?

ತಪ್ಪಲೆಯ ನೀರು ಕುದಿ ಹತ್ತಿದರೆ 100 ಡಿಗ್ರಿ. ಮತ್ತೆ ಎಷ್ಟು ಉರಿ ಕೊಟ್ಟರೂ ಬಿಸಿ ಏರುವುದಿಲ್ಲ, ಹಬೆಯಾಗಿ ಕಿಟಕಿಯಾಚೆ ಹೋಗುತ್ತದೆ. ಕುಕ್ಕರಿನೊಳಗೆ ಒತ್ತಡವಿರುವುದರಿಂದ ಸುಮಾರು 120ರವರೆಗೆ ಹೋಗುತ್ತದೆ, ಅಲ್ಲಿಗೆ ಅದರದ್ದೂ ಮುಗಿಯಿತು. ವಿಶಲ್ ಎಂದರೆ ಹೆಚ್ಚಾದ ಹಬೆ ಹೊರಬಿತ್ತು ಎಂದರ್ಥ, ಅಕ್ಕಿ ಬೆಂದಿತು ಎಂದಲ್ಲ.

ಕುಚ್ಚಲಕ್ಕಿಯನ್ನು ರಾತ್ರಿಯೇ ತೊಳೆದು ನೆನೆಹಾಕು. ಬೆಳಿಗ್ಗೆ ಎದ್ದ ಕೂಡಲೇ ದೊಡ್ಡ ಬರ್ನರಿನಲ್ಲಿಡು. ಒಂದು ವಿಶಲ್ ಬಂದದ್ದೇ ಸಣ್ಣ ಬರ್ನರಿಗೆ ಸರಿಸಿ, ಸಿಮ್ಮಿನಲ್ಲಿ ಹತ್ತು ನಿಮಿಷ ಬಿಟ್ಟು ಆರಿಸು. ವೆಯಿಟ್ ಎತ್ತಬೇಡ. ನಿನ್ನ ಸ್ನಾನ, ದೇವರ ದೀಪ ಆಗುವಷ್ಟರಲ್ಲಿ ಒತ್ತಡ ತಾನಾಗಿ ಇಳಿದು, ಒಳಗಿನ ಬಿಸಿಯಲ್ಲೇ ಅನ್ನ ಅರಳಿರುತ್ತದೆ. ತೆಳಿ ಬಸಿದರಾಯಿತು. ಕೆಲವು ಅಕ್ಕಿ ಗಟ್ಟಿ, ಅದಕ್ಕೆ ಇನ್ನೊಂದು ಕುದಿ ಬೇಕಾದೀತು. ಊರಲ್ಲಿ ಅಮ್ಮ ಕೊಳ್ಳಿ ಹಿಂದಕ್ಕೆಳೆದು, ಗಂಜಿಯ ಮಡಕೆಗೆ ಮುಚ್ಚಳ ಮುಚ್ಚಿ ತೋಟಕ್ಕೆ ಹೋಗುತ್ತಿದ್ದಳು. ಬರುವಾಗ ಗಂಜಿ ಆಗಿರುತ್ತಿತ್ತು.

ಅತ್ತ ದೊಡ್ಡ ಬರ್ನರು ಖಾಲಿಯಾಯಿತಲ್ಲ, ಅದರಲ್ಲಿ ಪಲ್ಯ ಮಾಡು. ಮುಚ್ಚಳ ಮರೆಯಬೇಡ. ಉರಿ ಪಾತ್ರೆಯ ತಳ ದಾಟಿ ಬದಿಗೆ ಏರಬಾರದು. ಹೊರಕೋಣೆಯ ಫ್ಯಾನಿನ ಗಾಳಿ ನೇರ ಒಲೆಗೇ ಬಡಿಯುತ್ತದೆ, ಅಡುಗೆ ಮುಗಿಯುವವರೆಗೆ ಅದನ್ನು ನಿಲ್ಲಿಸು. ಕಿಟಕಿ ಮಾತ್ರ ಮುಚ್ಚಬೇಡ.

ಇನ್ನೊಂದು, ನಿಮ್ಮ ಒಲೆಯ ಉರಿ ಹಳದಿಯಾಗಿದೆ. ತಪ್ಪಲೆಯ ತಳದಲ್ಲಿ ಮಸಿ ಹಿಡಿಯುವುದು ಅದಕ್ಕೇ. ಹಾಲು ಉಕ್ಕಿ ಬರ್ನರಿನ ತೂತು ಕಟ್ಟಿಕೊಂಡಿರಬೇಕು. ಭಾನುವಾರ ಮಧ್ಯಾಹ್ನ ಬರುತ್ತೇನೆ, ಒಂದು ಪಿನ್ನು, ಹಳೇ ಬ್ರಶ್ ತೆಗೆದಿಡು.