ಹಳೆಯ ಅಲಾಯ್ ಗಾಲಿಗೆ ಹೊಳಪಿಲ್ಲದ ಬಣ್ಣ

ನಮ್ಮ ಜಹೀರಾಬಾದಿನ ಮೂಲಕ ಹಾದುಹೋಗುವ ಪುಣೆ–ಮಚಲೀಪಟ್ಟಣ ಹೆದ್ದಾರಿಯಲ್ಲಿ ಓಡುವ ಕಾರುಗಳ ಗಾಲಿಗಳನ್ನು ನೀವು ಗಮನಿಸಿರಬಹುದು. ಕೆಲವು ಬೆಳ್ಳಿಯಂತೆ ಥಳಥಳಿಸುತ್ತವೆ. ಕೆಲವು ಹೊಳಪಿಲ್ಲದೆ ಸೌಮ್ಯವಾದ ಬೂದು ಅಥವಾ ಕಪ್ಪು ಬಣ್ಣದಿಂದ ಕೂಡಿರುತ್ತವೆ. ಈ ಎರಡನೆಯ ಬಗೆಗೆ ಮ್ಯಾಟ್ ಎನ್ನುವರು. ನಾರಾಯಣಖೇಡದಿಂದ ಬರುವ ನಮ್ಮ ಸಹಪಾಠಿಯೊಬ್ಬನ ಕಾಕಾ ಹಳೆಯ ಕಾರೊಂದನ್ನು ಕೊಂಡು, ಗೀರು ಬಿದ್ದ ಅದರ ನಾಲ್ಕು ಗಾಲಿಗಳಿಗೆ ಇಂತಹ ಬಣ್ಣ ಹಾಕಿಸಲು ಇಲ್ಲಿಗೆ ತಂದಿದ್ದರು. ವಿಜ್ಞಾನದ ಗುರುಗಳೊಡನೆ ನಾವೂ ಗ್ಯಾರೇಜಿಗೆ ಹೋದೆವು.

ಈ ಗಾಲಿಗಳು ಉಕ್ಕಿನವಲ್ಲ. ಅಲ್ಯೂಮಿನಿಯಮ್ಮಿಗೆ ಸುಮಾರು ಶೇಕಡಾ 7ರಷ್ಟು ಸಿಲಿಕಾನ್, ಅತ್ಯಲ್ಪ ಮೆಗ್ನೀಸಿಯಮ್ ಬೆರೆಸಿ ಎರಕ ಹೊಯ್ದವು. ಮಿಶ್ರಲೋಹವೆಂದೊಡನೆ ನಮಗೆ ನೆನಪಾದದ್ದು ನೆರೆಯ ಬೀದರಿನ ಬಿದರಿ ಕಲೆ. ಅಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂಡಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ತಿಕ್ಕುತ್ತಾರೆ. ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಬಳಿದದ್ದಲ್ಲ, ಲೋಹದ ಮೈಯೇ ಮಾರ್ಪಟ್ಟದ್ದು. "ಹಾಗಾದರೆ ಗಾಲಿಗೂ ಕೋಟೆಯ ಮಣ್ಣು ಹಚ್ಚೋಣವೇ ಸರ್?" ಎಂದು ಒಬ್ಬ ಕೇಳಿ ಎಲ್ಲರನ್ನೂ ನಗಿಸಿದ. ಗುರುಗಳು ನಗಲಿಲ್ಲ. ಆ ಕ್ರಿಯೆ ಸತುವಿಗೆ ಸೇರಿದ್ದು. ಅಲ್ಯೂಮಿನಿಯಮ್ ಗಾಳಿ ತಾಗಿದ ಕೂಡಲೇ ಬಣ್ಣವಿಲ್ಲದ ತೆಳು ಆಕ್ಸೈಡ್ ಪೊರೆಯನ್ನು ಹೊದೆಯುತ್ತದೆ, ಆದುದರಿಂದ ಬಣ್ಣವನ್ನು ಹೊರಗಿನಿಂದಲೇ ಕೊಡಬೇಕು ಎಂದು ತಿಳಿಸಿದರು.

ಹೊಳಪಿಗೂ ಮ್ಯಾಟಿಗೂ ಇರುವ ಭೇದ ಮೇಲ್ಮೈಯ ನಯದಲ್ಲಿದೆ. ತಾಂಡೂರಿನ ಕಲ್ಲನ್ನೇ ನೋಡಿರಿ. ಗಣಿಯಿಂದ ಬಂದ ಹಾಸುಗಲ್ಲಿನಲ್ಲಿ ಮುಖ ಕಾಣದು. ಅದನ್ನೇ ಪಾಲಿಶ್ ಮಾಡಿದರೆ ದೀಪದ ಬಿಂಬ ಕಾಣುತ್ತದೆ. ಒರಟು ಮೈ ಬೆಳಕನ್ನು ನಾನಾ ದಿಕ್ಕಿಗೆ ಚೆದುರಿಸುತ್ತದೆ. ಮ್ಯಾಟ್ ಬಣ್ಣದಲ್ಲಿ ಸಿಲಿಕಾದ ಸೂಕ್ಷ್ಮ ಕಣಗಳನ್ನು ಬೆರೆಸಿ ಇಂತಹ ಒರಟುತನವನ್ನು ತರುತ್ತಾರೆ. ಅಂತೆಯೇ ಮ್ಯಾಟ್ ಗಾಲಿಗೆ ಪಾಲಿಶ್ ತಿಕ್ಕಬಾರದು. ತಿಕ್ಕಿದ ಜಾಗ ಮಿಂಚಿ ಕಲೆಯಂತೆ ಕಾಣುತ್ತದೆ.

ಕಾಕಾ ಬಣ್ಣದ ಡಬ್ಬಿ ತೋರಿಸಿದಾಗ ಮಿಸ್ತ್ರಿಯವರು, "ಬಣ್ಣ ಆಮ್ಯಾಲ್ರೀ, ಮೊದಲ ಗಾಲಿ ನೋಡೂಣು" ಎಂದರು. ಟೈರು ಬಿಚ್ಚಿ, ಬ್ರೇಕಿನ ಕಪ್ಪು ಪುಡಿ ಹೋಗುವಂತೆ ಸಾಬೂನಿನಿಂದ ತೊಳೆದು ಒಣಗಿಸಿದರು. ಒಳಅಂಚಿಗೆ ಸೀಮೆ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ನಮ್ಮಿಂದಲೇ ಸೀಮೆಸುಣ್ಣದ ಪುಡಿ ಉದುರಿಸಿದರು. ಮೂರು ಗಾಲಿಗಳು ಬೆಳ್ಳಗೆ ಉಳಿದವು. ನಾಲ್ಕನೆಯದರಲ್ಲಿ ಕೂದಲೆಳೆಯಂತಹ ಒದ್ದೆ ಗೆರೆ ಮೆಲ್ಲನೆ ಮೂಡಿತು. ಸೀಳಿನಲ್ಲಿ ಅಡಗಿದ್ದ ಎಣ್ಣೆಯನ್ನು ಸುಣ್ಣ ಹೀರಿತ್ತು.

"ಒಳಗಿಂದು ಯಾರ್ ನೋಡ್ತಾರ? ಬಣ್ಣ ಹೊಡದ್ರ ಮುಚ್ತದ" ಎಂದರು ಕಾಕಾ.

"ಮುಚ್ತದರೀ, ಕೂಡಂಗಿಲ್ಲ."

ಬೆಸುಗೆ ಹಾಕಬಾರದೇ ಎಂದು ಕೇಳಿದೆವು. ಈ ಗಾಲಿಗಳನ್ನು ಎರಕದ ಬಳಿಕ ಕಾಯಿಸಿ ತಣಿಸಿ ಗಟ್ಟಿಗೊಳಿಸಿರುತ್ತಾರೆ. ಬೆಸುಗೆಯ ಬಿಸಿಗೆ ಸುತ್ತಲಿನ ಲೋಹ ಆ ಬಲವನ್ನು ಕಳೆದುಕೊಳ್ಳುತ್ತದೆ ಎಂದು ಗುರುಗಳು ವಿವರಿಸಿದರು. ಅದೇ ಕಾರಿನಲ್ಲಿ ನಮ್ಮ ಗೆಳೆಯನ ಅಜ್ಜಿ ಪ್ರತಿ ತಿಂಗಳು ಹೈದರಾಬಾದಿನ ಆಸ್ಪತ್ರೆಗೆ ಹೋಗಬೇಕು. ಕಾಕಾ ಮತ್ತೆ ಮಾತಾಡಲಿಲ್ಲ. ಬೇರೊಂದು ಹಳೆಯ ಗಾಲಿ ಹುಡುಕಿ ತಂದರು. ಅದಕ್ಕೂ ಸೀಮೆ ಎಣ್ಣೆಯ ಪರೀಕ್ಷೆಯಾಯಿತು.

ಮುಂದಿನ ಕೆಲಸ ತಾಳ್ಮೆಯದು. ಮೊದಲು 180, ಬಳಿಕ 320 ನಂಬರಿನ ಮರಳು ಕಾಗದವನ್ನು ನೀರು ಹಾಕಿ ಉಜ್ಜಿದರು. ಪುಡಿ ಉಸಿರಿಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಂಡೆವು. ಸ್ಪ್ರೇ ಹೊಡೆಯುವಾಗ ಬಟ್ಟೆ ಸಾಲದೆಂದು ನಮ್ಮನ್ನು ದೂರ ನಿಲ್ಲಿಸಿ, ಮಿಸ್ತ್ರಿಯವರು ಮಾತ್ರ ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಂಡರು. ಮೇಲುಮೇಲಿನ ಗೀರುಗಳಿಗೆ ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಜಿಡ್ಡು ಒರೆಸಿ, ಅಲ್ಯೂಮಿನಿಯಮ್ಮಿಗೆ ಹಿಡಿಯುವ ಪ್ರೈಮರ್ ಹೊಡೆದರು. ನಂತರ ಸುಮಾರು 25 ಸೆಂಟಿಮೀಟರ್ ದೂರದಿಂದ ಬೂದು ಬಣ್ಣದ ಮೂರು ತೆಳು ಪದರಗಳು, ನಡುನಡುವೆ ಹತ್ತು–ಹದಿನೈದು ನಿಮಿಷ ಬಿಡುವು. ಒಮ್ಮೆಲೇ ದಪ್ಪನಾಗಿ ಹೊಡೆದರೆ ಬಣ್ಣ ಇಳಿಯುತ್ತದೆ. ಎರಡನೆಯ ಪದರದ ವೇಳೆಗೆ ಲಾರಿಯೊಂದು ಧೂಳೆಬ್ಬಿಸಿ ಹೋಗಿ, ಒಂದು ಗಾಲಿಯನ್ನು ಒಣಗಿಸಿ ಮತ್ತೆ ಉಜ್ಜಬೇಕಾಯಿತು! ಕೊನೆಯಲ್ಲಿ ಮ್ಯಾಟ್ ವಾರ್ನಿಷ್ ಹೊಡೆದು ರಾತ್ರಿಯಿಡೀ ಬಿಟ್ಟರು.

ನಟ್ಟು ಕೂಡುವ ಗುಂಡಿಗಳಿಗೂ, ಹಬ್ಬಿಗೆ ತಾಗುವ ಹಿಂಬದಿಗೂ ಮೊದಲೇ ಟೇಪು ಅಂಟಿಸಿದ್ದರು. ಅಲ್ಲಿ ಬಣ್ಣವಿದ್ದರೆ ಅದು ಜಜ್ಜಿ ತೆಳುವಾಗಿ ನಟ್ಟು ಸಡಿಲವಾಗುತ್ತದೆ. ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಬಂದು ಮತ್ತೆ ಬಿಗಿ ಮಾಡಿಸಿಕೊಳ್ಳಿರೆಂದು ಕಾಕಾನಿಗೆ ಎರಡು ಸಲ ಹೇಳಿದರು.

ಸೀಳಿದ ಗಾಲಿಯನ್ನು ಮಿಸ್ತ್ರಿಯವರು ಹಾಗೆಯೇ ಗುಜರಿಗೆ ಹಾಕಲಿಲ್ಲ. ಯಾರಾದರೂ ಬಣ್ಣ ಬಳಿದು ಮಾರಿಯಾರೆಂದು, ಅದರ ಅಂಚನ್ನು ಗರಗಸದಿಂದ ಎರಡು ಕಡೆ ಕೊಯ್ದು ಹಾಕಿದರು.